ಒಳಪಟ್ಟಿಯ ಹೆಸರು

ಬೆಲ್‌ಫೋರ್ಡ್, ಜಾರ್ಜಿಯಾ
ಏಪ್ರಿಲ್ 24, 1960, ಭಾನುವಾರ ಮಧ್ಯಾಹ್ನ

ವರ್ಡೆಲ್‌ಗೆ,

ನಿನ್ನ ಹೆಸರಿನ ಹಿಂದೆ ಒಂದು ಪದ ಬರೆದು ಹೊಡೆದುಹಾಕಿದ್ದೇನೆ. ಅದೇನಿತ್ತು ಅಂತ ಕಾಗದವನ್ನು ಬೆಳಕಿಗೆ ಹಿಡಿದು ನೋಡುವ ಶ್ರಮ ತೆಗೆದುಕೊಳ್ಳಬೇಡ. ನಾನು ಕ್ಷೇಮ. ನೀನೂ ಕ್ಷೇಮ ಅಂದುಕೊಳ್ಳುತ್ತೇನೆ. ಅಂದುಕೊಳ್ಳದೆ ಇನ್ನೇನು ಮಾಡಲಿ? ಕ್ರಿಸ್‌ಮಸ್‌ಗೊಮ್ಮೆ ಡೆಟ್ರಾಯಿಟ್‌ನಿಂದ ನೀನು ಕಳಿಸುವ ಕಾರ್ಡಿನಲ್ಲಿ "ಜುನೆಟಾ ಚೆನ್ನಾಗಿದ್ದಾಳೆ" ಅಂತ ಒಂದೇ ಸಾಲು ಇರುತ್ತದೆ. ನಾಲ್ಕು ವರ್ಷಕ್ಕೆ ನಾಲ್ಕು ಸಾಲು. ನಾನೂ ಹಟಕ್ಕೆ ಬಿದ್ದು ಒಂದು ಸಾಲೂ ಬರೆಯಲಿಲ್ಲ. ಇವತ್ತು ಎಲ್ಲವನ್ನೂ ಸೇರಿಸಿ ಬರೆಯುತ್ತಿದ್ದೇನೆ. ಕಾರ್ಖಾನೆಗೆ ಹೊತ್ತಾಯಿತು ಅಂತ ನಿಂತುಕೊಂಡು ಓದಬೇಡ, ಕೂತು ಓದು.

ಮೊದಲು ನೀನು ಓದು. ಆಮೇಲೆ ಮಗಳಿಗೆ ಕೊಡು. ಅವಳಿಗೇ ನೇರವಾಗಿ ಬರೆಯುವ ಧೈರ್ಯ ನನಗಾಗಲಿಲ್ಲ. ಅವಳು ಮತ್ತೆ ನನ್ನ ಮುಖ ನೋಡಲು ಒಪ್ಪುತ್ತಾಳೋ ಇಲ್ಲವೋ, ನನಗೆ ಬೇಕಾಗಿರುವುದು ಅದೊಂದೇ ಉತ್ತರ. ಬಾಕಿಯೆಲ್ಲ ಆ ಉತ್ತರಕ್ಕಾಗಿ ಬರೆದದ್ದು.

ಸುದ್ದಿ ಏನೆಂದರೆ, ನಾನೀಗ ಮಿಸ್ ಪ್ರೂಯಿಟ್‌ಳ ಟೋಪಿ ಅಂಗಡಿಯಲ್ಲಿಲ್ಲ. ಅವಳೇ ಹೊರಗೆ ಹಾಕಿದಳು ಅಂತ ಊರಿನಿಂದ ಯಾರಾದರೂ ನಿನಗೆ ಬರೆದರೆ ನಂಬಬೇಡ. ನಾನೇ ಎದ್ದು ಬಂದೆ. ಮುಂದಿನ ಬಾಗಿಲಿನಿಂದ ಬಂದೆ.

ಇದನ್ನು ಹೇಳಬೇಕಾದರೆ ಆ ಶನಿವಾರದಿಂದಲೇ ಹೇಳಬೇಕು. ನಿನಗೆ ಅದು ಗೊತ್ತು, ನಿಜ. ಆದರೆ ಪರದೆಯ ಆಚೆ ನಿಂತವನಿಗೆ ಗೊತ್ತಿರುವಷ್ಟೇ ಗೊತ್ತು. ಮಗಳಿಗೆ ಆಗ ಒಂಬತ್ತು ವರ್ಷ. ಅವಳಿಗೆ ಎಷ್ಟು ನೆನಪಿದೆಯೋ, ಎಷ್ಟನ್ನು ನೀನು ಸೇರಿಸಿದ್ದೀಯೋ ನನಗೆ ತಿಳಿಯದು.

ಆ ಅಂಗಡಿಯ ಪದ್ಧತಿ ಅವಳಿಗೆ ನೆನಪು ಮಾಡಿಕೊಡು. ನಮ್ಮ ಹೆಂಗಸರು ಮನೆಯಲ್ಲೇ ತಲೆಯ ಸುತ್ತ ದಾರ ಸುತ್ತಿ, ಅಳತೆಗೆ ಗಂಟು ಹಾಕಿ, ಆ ದಾರವನ್ನು ತಂದು ಕೌಂಟರ್ ಮೇಲೆ ಇಡಬೇಕಿತ್ತು. ದಾರಕ್ಕೆ ಸರಿಹೋಗುವ ಟೋಪಿಯನ್ನು ಕೊಡುತ್ತಿದ್ದರು. ತಲೆಗೆ ಇಟ್ಟು ನೋಡುವಂತಿಲ್ಲ, ಕನ್ನಡಿಯ ಹತ್ತಿರ ಸುಳಿಯುವಂತಿಲ್ಲ. ಕರಿಯ ತಲೆಗೆ ಒಮ್ಮೆ ತಾಗಿತೋ, ಕೊಂಡೇ ತೀರಬೇಕು. ಇನ್ನು ಬಿಳಿಯ ಹೆಂಗಸು ಅದನ್ನು ಮುಟ್ಟುವುದಿಲ್ಲವಂತೆ. ಆದರೆ ಅಂಗಡಿಯಲ್ಲಿದ್ದ ಒಂದೊಂದು ಟೋಪಿಯೂ ಹಿಂದಿನ ಕೋಣೆಯಲ್ಲಿ ನನ್ನ ಎರಡು ಕರಿಯ ಕೈಗಳಲ್ಲಿ ಹುಟ್ಟಿದ್ದು. ಹಬೆಯಲ್ಲಿ ಹದ ಮಾಡಿ, ಮರದ ಅಚ್ಚಿನ ಮೇಲೆ ಎಳೆದು, ಅಂಚು ಕಟ್ಟಿ, ಬಾಯಲ್ಲಿ ಸೂಜಿ ಕಚ್ಚಿಕೊಂಡು ಹೂ ಹೊಲಿದದ್ದು. ಕೊನೆಗೆ ಒಳಗೆ ಚೀಟಿ ಅಂಟಿಸುತ್ತಿದ್ದದ್ದೂ ನಾನೇ: "ಮದಾಮ್ ಕೊರಿನ್, ಪ್ಯಾರಿಸ್". ಅಂಥ ಒಬ್ಬ ಮದಾಮ್ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಮಿಸ್ ಪ್ರೂಯಿಟ್ ಊರಿಗೆಲ್ಲ ಎರಡೆರಡು ಸಲ ಟೋಪಿ ಹಾಕಿದ್ದಳು.

ಆ ಶನಿವಾರ ನೀನು ಮಗಳ ಕೈ ಹಿಡಿದುಕೊಂಡು ಮುಂದಿನ ಬಾಗಿಲಿನಿಂದ ಬಂದೆ. ಮಾರನೇ ದಿನ ಈಸ್ಟರ್, ಮಗಳಿಗೆ ಹೊಸ ಟೋಪಿ ಬೇಕು, ಹೆಂಡತಿಗೆ ಹೇಳದೆ ಕೊಡಿಸಿ ಖುಷಿಪಡಿಸಬೇಕು ಅಂತ ನಿನ್ನ ಮನಸ್ಸಿನಲ್ಲಿತ್ತು. ಎರಡು ಗಂಟು ಹಾಕಿದ ದಾರ ನಿನ್ನ ಜೇಬಿನಲ್ಲೇ ಇತ್ತು. ಆದರೆ ಮಗಳು ಸ್ಟ್ಯಾಂಡಿನ ಮೇಲಿದ್ದ ಹಳದಿ ಹುಲ್ಲಿನ ಟೋಪಿ ನೋಡಿದಳು. ಅದರ ನೀಲಿ ರಿಬ್ಬನ್ನಿನ ಉಳಿದ ತುಂಡಿನಲ್ಲಿ ನಾನು ಆ ವಾರವೆಲ್ಲ ಅವಳ ಜಡೆ ಕಟ್ಟಿದ್ದೆ. ಗುರುತು ಸಿಕ್ಕಿತು. ತೆಗೆದು ತಲೆಗೆ ಇಟ್ಟುಕೊಂಡು ಕನ್ನಡಿಯ ಮುಂದೆ ನಿಂತು, ಅಂಗಡಿಯಲ್ಲಿದ್ದ ಏಳೆಂಟು ಜನ ಬಿಳಿ ಹೆಂಗಸರ ಎದುರಿಗೆ ಗಟ್ಟಿಯಾಗಿ ಹೇಳಿದಳು, "ಇದು ನಮ್ಮಮ್ಮ ಮಾಡಿದ್ದು."

ಆಮೇಲೆ ನನ್ನ ಹಿಂದಿನ ಕೋಣೆಯ ಪರದೆ ಸರಿಯಿತು. ಮಿಸ್ ಪ್ರೂಯಿಟ್ ನನ್ನ ಕಡೆ ನೋಡಲೂ ಇಲ್ಲ, ನನ್ನ ತಲೆಯ ಮೇಲಿದ್ದ ಗೋಡೆಯನ್ನು ನೋಡುತ್ತ ಕೇಳಿದಳು, "ಈ ಮಗು ಯಾರೂಂತ ನಿಂಗೆ ಗೊತ್ತೇನೇ?"

ನಾನು ನಿನ್ನನ್ನು ನೋಡಿದೆ. ಮಗಳನ್ನು ನೋಡಿದೆ. "ಗೊತ್ತಿಲ್ಲ ಅಮ್ಮಾವ್ರೇ" ಅಂದೆ.

ನೀನು ದುಡ್ಡನ್ನು ಕೌಂಟರ್ ಮೇಲೆ ಬಿಸಾಕಿ, ಮಗಳ ತಲೆಯಿಂದ ಟೋಪಿ ತೆಗೆದು, ಬೀದಿಯ ಕಸದ ಡಬ್ಬಿಗೆ ಹಾಕಿ ಹೋದೆ. ಮಾರನೇ ದಿನ ನಮ್ಮ ಪಾದ್ರಿಗಳು ಪೇತ್ರನ ವಿಷಯ ಹೇಳಿದರು, ಕೋಳಿ ಕೂಗುವ ಮೊದಲು ಮೂರು ಸಲ ತನ್ನ ಪ್ರಭುವನ್ನೇ ಅರಿಯೆನು ಅಂದದ್ದು. ನೀನು ನನ್ನ ಪಕ್ಕದಲ್ಲಿ ಕೂತಿದ್ದೆ, ಮೊಣಕೈ ಕೂಡ ತಾಗದ ಹಾಗೆ. ಪೇತ್ರನಿಗೆ ಮೂರು ಸಲ ಬೇಕಾಯಿತು, ನನಗೆ ಒಂದೇ ಸಲ ಸಾಕಾಯಿತು ಅಂತ ಅವತ್ತು ಅಂದುಕೊಂಡೆ.

ಜೂನ್‌ನಲ್ಲಿ ನೀನು ಹೊರಟಾಗ ಮಗಳು ತಾನೂ ಬರುತ್ತೇನೆ ಅಂದಳು. ಬೇಡ ಅನ್ನಲು ನನಗೆ ಬಾಯಿ ಎಲ್ಲಿತ್ತು? ಸ್ಟೇಷನ್ನಿನಲ್ಲಿ ಕೈ ಬೀಸು ಅಂತ ನೀನೇ ಅವಳಿಗೆ ಹೇಳಿದೆ. ಅವಳು ಏನಂದಳು ಅಂತ ನಿನಗೆ ನೆನಪಿದೆಯೋ ಇಲ್ಲವೋ. "ಗೊತ್ತಿಲ್ಲದವರ ಜೊತೆ ಮಾತಾಡಬಾರ್ದು ಅಂತ ಅಮ್ಮನೇ ಹೇಳಿಕೊಟ್ಟಿದ್ದಾಳೆ" ಅಂದಳು. ಒಂಬತ್ತು ವರ್ಷದ ಮಗು! ಮಾತಿನಲ್ಲಿ ಅವಳು ನನ್ನ ಮಗಳೇ, ಅನುಮಾನವಿಲ್ಲ.

ಈಗ ನಿನ್ನನ್ನು ಸ್ವಲ್ಪ ಬೈಯಬೇಕು, ಬೈದು ಮುಂದೆ ಹೋಗುತ್ತೇನೆ. ರೈಲಿನಲ್ಲಿ ಹನ್ನೊಂದು ವರ್ಷ ಬಿಳಿಯರ ಪೆಟ್ಟಿಗೆ ಹೊತ್ತೆಯಲ್ಲ, ಅವರು ನಿನ್ನನ್ನು ಏನೆಂದು ಕರೆಯುತ್ತಿದ್ದರು? ಜಾರ್ಜ್. ನಿನಗೂ ಜಾರ್ಜ್, ನಿನ್ನ ಪಕ್ಕದ ಬೋಗಿಯವನಿಗೂ ಜಾರ್ಜ್, ಪೋರ್ಟರ್ ಆದವರಿಗೆಲ್ಲ ಅದೊಂದೇ ಹೆಸರು. ನಾಯಿಗಾದರೂ ಒಂದೊಂದಕ್ಕೆ ಒಂದೊಂದು ಹೆಸರಿಡುತ್ತಾರೆ. ಹನ್ನೊಂದು ವರ್ಷ ನೀನು "ಬಂದೆ ಸಾರ್" ಅಂತ ನಗುತ್ತಾ ಹೋದೆ. ಮನೆಗೆ ಬಂದು ಬೂಟು ಬಿಚ್ಚುವಾಗ ನಿನ್ನ ಮುಖ ಹೇಗಿರುತ್ತಿತ್ತು ಅಂತ ನಾನು ನೋಡಿದ್ದೇನೆ. ಒಂದು ದಿನವಾದರೂ ಯಾಕೆ ಓಗೊಟ್ಟೆ ಅಂತ ಕೇಳಿದೆನಾ? ನಿನ್ನ ಹೆಸರನ್ನು ನೀನು ಬಿಟ್ಟುಕೊಟ್ಟರೆ ಅದು ಹೊಟ್ಟೆಪಾಡು, ನಾನು ಒಂದು ಮಾತು ಆಡಿದರೆ ಅದು ದ್ರೋಹ. ಸರಿ. ಬೈದಾಯಿತು.

ಆದರೆ ನಾನು ಆಡಿದ ಮಾತು ನಿನ್ನದಕ್ಕಿಂತ ಕೆಟ್ಟದ್ದು, ಅದೂ ನನಗೆ ಗೊತ್ತು. ನೀನು ಬಿಟ್ಟುಕೊಟ್ಟದ್ದು ನಿನ್ನ ಹೆಸರನ್ನು. ನಾನು ಬಿಟ್ಟುಕೊಟ್ಟದ್ದು ಮಗಳನ್ನು.

ಮನೆಯ ಬಾಡಿಗೆಗಾಗಿ ಹಾಗೆ ಅಂದೆ ಅಂತ ಆ ರಾತ್ರಿ ನಿನಗೆ ಹೇಳಿದ್ದೆ. ಸುಳ್ಳು. ಬಟ್ಟೆ ಒಗೆದಾದರೂ ಬಾಡಿಗೆ ಕಟ್ಟುತ್ತಿದ್ದೆ. ನಿಜ ಹೇಳಲೇ? ನನಗೆ ಆ ಕೆಲಸದ ಮೇಲೆ ಆಸೆ. ಆ ಕೋಣೆಯಲ್ಲಿ ನಲವತ್ತು ಬಗೆಯ ರಿಬ್ಬನ್ ಇದ್ದವು, ರೇಷ್ಮೆಯ ಜಾಲರಿ ಇತ್ತು, ಬೆಣ್ಣೆಯ ಹಾಗೆ ಮಣಿಯುವ ಇಟಲಿಯ ಹುಲ್ಲಿನ ಹೆಣಿಗೆ ಇತ್ತು. ಈ ಸೀಮೆಯಲ್ಲಿ ಇನ್ನೆಲ್ಲೂ ಯಾರೂ ಅದನ್ನು ನನ್ನ ಕೈಗೆ ಕೊಡುತ್ತಿರಲಿಲ್ಲ. ನಾನು ಎಷ್ಟು ಚೆನ್ನಾಗಿ ಮಾಡುತ್ತೇನೆ ಅಂತ ನನಗೊಬ್ಬಳಿಗೇ ಗೊತ್ತಿತ್ತು. ಅಷ್ಟೇ ಸಾಕು, ಯಾರೂ ನೋಡದಿದ್ದರೂ ಪರವಾಗಿಲ್ಲ ಅಂದುಕೊಂಡಿದ್ದೆ. ಮಗಳು ಕನ್ನಡಿಯ ಮುಂದೆ ನಿಂತು "ನಮ್ಮಮ್ಮ ಮಾಡಿದ್ದು" ಅಂದಾಗ ಹದಿನೈದು ವರ್ಷದಲ್ಲಿ ಮೊದಲ ಸಲ ಒಬ್ಬರು ನನ್ನ ಕೆಲಸ ನೋಡಿ ನನ್ನ ಹೆಸರು ಹಿಡಿದಿದ್ದರು. ನಾನು ಆ ಒಬ್ಬರನ್ನೇ ಗೊತ್ತಿಲ್ಲ ಅಂದೆ. ಇದನ್ನು ಬರೆಯಲು ನಾಲ್ಕು ವರ್ಷ ಬೇಕಾಯಿತು ವರ್ಡೆಲ್.

ನೀವಿಬ್ಬರೂ ಹೋದ ಮೇಲೆ ನಾನು ಅಲ್ಲೇ ಕೆಲಸಕ್ಕೆ ಹೋದೆ. ನಾಚಿಕೆಗೆಟ್ಟವಳು ಅಂತ ನೀನು ಅಂದುಕೊಂಡಿರುತ್ತೀಯೆ. ಅಂದುಕೋ. ಆದರೆ ಆ ಈಸ್ಟರ್ ಕಳೆದ ಸೋಮವಾರದಿಂದ ನಾನು ಒಂದು ಕೆಲಸ ಶುರುಮಾಡಿದ್ದೆ. ಅದನ್ನು ನಿನಗಿರಲಿ, ದೇವರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಅದೇನು ಅಂತ ಆಮೇಲೆ ಹೇಳುತ್ತೇನೆ, ಅದರ ಜಾಗ ಬರಲಿ.

ಈ ವರ್ಷ ನಮ್ಮವರೆಲ್ಲ ಸೇರಿ ಒಂದು ತೀರ್ಮಾನ ಮಾಡಿದರು. ಪೇಟೆಯಲ್ಲಿ ಈಸ್ಟರ್‌ಗೆ ಯಾರೂ ಏನೂ ಕೊಳ್ಳಕೂಡದು. ತಿಂಡಿ ಕೌಂಟರಿನಲ್ಲಿ ಕೂರಿಸದವರಿಗೆ, ಬಟ್ಟೆ ಹಾಕಿ ನೋಡಲು ಬಿಡದವರಿಗೆ ನಮ್ಮ ದುಡ್ಡೂ ಇಲ್ಲ. ಹಳೆಯ ಕೋಟು, ಹಳೆಯ ಟೋಪಿಯಲ್ಲೇ ಚರ್ಚಿಗೆ ಬರಬೇಕು. ನಮ್ಮ ಹೆಂಗಸರಿಗೆ ಈಸ್ಟರ್‌ಗೆ ಹೊಸ ಟೋಪಿ ಬಿಡು ಅನ್ನುವುದೂ ಒಂದು ಕಣ್ಣು ಬಿಡು ಅನ್ನುವುದೂ ಒಂದೇ, ನಿನಗೆ ಗೊತ್ತಲ್ಲ. ಆದರೂ ಬಿಟ್ಟರು. ಒಜೆಲ್ಲಾ ನೆನಪಿದ್ದಾಳಾ? ಜಡ್ಜ್ ಕ್ಯಾಲವೇ ಮನೆಯ ಅಡುಗೆಯವಳು, ನಮ್ಮ ಚರ್ಚಿನಲ್ಲಿ ಬಿಳಿ ಕೈಗವಸು ಹಾಕಿಕೊಂಡು ಜನರನ್ನು ಬೆಂಚಿಗೆ ಕೂರಿಸುವವಳು. ಅವಳು ಮನೆಗೆ ಬಂದು ನನಗೆ ಹೇಳಿದಳು, "ಟೋಪಿ ಕೊಳ್ಳೋರೇ ಕೈ ಬಿಟ್ಟಿರುವಾಗ ಮಾಡೋಳು ನೀನು ಅಲ್ಲಿ ಕೂತಿರೋದು ಚೆನ್ನಾಗಿರಲ್ಲ ಆರ್ಲೀಥಾ. ಎದ್ದು ಬಾ."

ನಾನು ಬರುವುದಿಲ್ಲ ಅಂದೆ. ಯಾಕೆ ಅಂತ ಅವಳಿಗೂ ಹೇಳಲಿಲ್ಲ. ನನ್ನ ಆ ಕೆಲಸ ಇನ್ನೂ ಮುಗಿದಿರಲಿಲ್ಲ. ಅದರ ಮುಂದಿನ ಭಾನುವಾರ ಚರ್ಚಿನ ಬಾಗಿಲಲ್ಲಿ ಒಜೆಲ್ಲಾ ನನ್ನ ಮುಂದಿನವರನ್ನು ಕೂರಿಸಿದಳು, ನನ್ನ ಹಿಂದಿನವರನ್ನು ಕೂರಿಸಿದಳು, ನಾನು ನಿಂತಲ್ಲಿ ಬರೀ ಗಾಳಿ ಇದ್ದ ಹಾಗೆ ಮಾಡಿದಳು. ಬಿಳಿಯರ ಕಣ್ಣಿಗೆ ನಾನು ಕಾಣಿಸದಿರುವುದು ಹೊಸದಲ್ಲ. ಪೇಟೆಯಲ್ಲಿ ಅವರು ನನ್ನ ಮೈಗೆ ಡಿಕ್ಕಿ ಹೊಡೆದು ಯಾವುದೋ ಕಂಬ ತಾಗಿತು ಅನ್ನುವ ಹಾಗೆ ಹೋಗುತ್ತಾರೆ. ನಮ್ಮವರೂ ಹಾಗೇ ಮಾಡಿದಾಗ ಮಾತ್ರ ಹೊಟ್ಟೆಗೆ ಬೆಂಕಿ ಬಿತ್ತು. ಹೋಗಿ ಹಿಂದಿನ ಬೆಂಚಿನಲ್ಲಿ ನಾನೇ ಕೂತೆ.

ನಮ್ಮವರು ಕೈ ಬಿಟ್ಟದ್ದರಿಂದ ಅಂಗಡಿ ಬಿಕೋ ಅನ್ನತೊಡಗಿತು. ಬಿಳಿ ಹೆಂಗಸರನ್ನಾದರೂ ಜಾಸ್ತಿ ಸೆಳೆಯಬೇಕು ಅಂತ ಮಿಸ್ ಪ್ರೂಯಿಟ್ ಒಂದು ಉಪಾಯ ಮಾಡಿದಳು. ಈಸ್ಟರ್‌ಗೆ ಮೂರು ದಿನ ಮುಂಚೆ, ಗುರುವಾರ, ಸಾಕ್ಷಾತ್ ಮದಾಮ್ ಕೊರಿನ್ ಅಂಗಡಿಗೆ ದಯಮಾಡಿಸಿ ಎಲ್ಲರ ಎದುರಿಗೇ ಟೋಪಿಗಳನ್ನು ತಲೆಗೆ ಹೊಂದಿಸಿಕೊಡುತ್ತಾಳೆ ಅಂತ ಆಮಂತ್ರಣ ಹಂಚಿದಳು. ಮದಾಮ್ ಯಾರು ಗೊತ್ತಾ? ಅವಳ ಚಿಕ್ಕಪ್ಪನ ಮಗಳು ಲೆನೋರ್, ಸವಾನಾದಲ್ಲಿ ಮಕ್ಕಳಿಗೆ ಪಿಯಾನೋ ಹೇಳಿಕೊಡುವವಳು. ಅವಳಿಗೆ ಸೂಜಿ ಹಿಡಿಯುವುದನ್ನು ನಾನು ಹೇಳಿಕೊಡಬೇಕಾಗಿ ಬಂತು. ನಾನಾಗುವುದು ಹೇಗೆ ಅಂತ ಇನ್ನೊಬ್ಬಳಿಗೆ ನಾನೇ ಪಾಠ ಹೇಳಿದೆ ವರ್ಡೆಲ್. ಎರಡು ಸಲ ಬೆರಳು ಚುಚ್ಚಿಕೊಂಡು, ಇದೇನು ದರಿದ್ರ ಕೆಲಸ, ಇದನ್ನು ಹೇಗೆ ಮಾಡ್ತೀಯ ಅಂತ ನನ್ನನ್ನೇ ಕೇಳಿದಳು. ಗುರುವಾರ ನಾನು ಪರದೆಯ ಹಿಂದೆ ಇರಬೇಕು, ಅವಳು ಹಬೆ ಹಿಡಿಯುವ ನೆಪದಲ್ಲಿ ಟೋಪಿಯನ್ನು ಒಳಗೆ ಚಾಚಬೇಕು, ನಾನು ಸರಿಮಾಡಿ ವಾಪಸು ಕೊಡಬೇಕು. ಹಾಗೆ ಏರ್ಪಾಡಾಗಿತ್ತು.

ಒಂಬತ್ತು ಜನ ಬಂದಿದ್ದರು. ಎಲ್ಲರ ತಲೆಯ ಮೇಲೂ ನಾನು ಮಾಡಿದ ಟೋಪಿಯೇ. ಮೊದಲು ಕೂತವಳು ಜಡ್ಜ್ ಹೆಂಡತಿ ಮಿಸೆಸ್ ಕ್ಯಾಲವೇ. ಲೆನೋರ್ ಫ್ರೆಂಚರ ಹಾಗೆ ಮೂಗಿನಲ್ಲಿ ಮಾತಾಡುತ್ತಾ, ಹೊಸ ಟೋಪಿಯನ್ನು ನನ್ನ ಕೈಗೆ ಕೊಡುವುದನ್ನೇ ಮರೆತು, ಒಳಗೆ ಎಡಗಡೆಗೆ ನಾನು ಇಟ್ಟಿದ್ದ ಹತ್ತಿಯ ಮೆತ್ತೆಯನ್ನು ಇದೇನೋ ಕಸ ಅಂದುಕೊಂಡು ಕಿತ್ತೆಸೆದಳು. ಆಮೇಲೆ ಅದನ್ನು ಆಯಮ್ಮನ ತಲೆಗೆ ಇಟ್ಟಳು. ಟೋಪಿ ಕುಂಟಿದ ಕೋಳಿಯ ಹಾಗೆ ವಾಲಿಕೊಂಡಿತು. ಮಿಸೆಸ್ ಕ್ಯಾಲವೇಯ ತಲೆ ಎಡಗಡೆಗೆ ಅರ್ಧ ಬೆರಳಿನಷ್ಟು ತಗ್ಗು. ಅವಳ ಗಂಡನಿಗೂ ಗೊತ್ತಿರಲಾರದು, ನನಗೆ ಹತ್ತು ವರ್ಷದಿಂದ ಗೊತ್ತು. ನಿಮ್ಮದು ಎಷ್ಟು ಗುಂಡಗಿನ ತಲೆ ಅಂತ ಲೆನೋರ್ ಹೊಗಳಿದಳು. ಆಯಮ್ಮ ಕನ್ನಡಿಯಲ್ಲೇ ಅವಳನ್ನು ದಿಟ್ಟಿಸಿ, ಹತ್ತು ವರ್ಷದಿಂದ ಎಡಗಡೆ ಮೆತ್ತೆ ಇಡುತ್ತಿದ್ದವಳಿಗೆ ಇದು ಗೊತ್ತಿಲ್ಲವೇ ಅಂದಳು.

ಮಿಸ್ ಪ್ರೂಯಿಟ್ ಹಿಂದೆಮುಂದೆ ನೋಡದೆ ತಪ್ಪನ್ನು ನನ್ನ ಮೇಲೆ ಹಾಕಿದಳು. ಹಿಂದೆ ಗುಡಿಸಿ ಒರೆಸುವ ಕರಿಯವಳು ಒಬ್ಬಳಿದ್ದಾಳೆ, ಅವಳೇ ಕೈಯಾಡಿಸಿ ಕೆಡಿಸಿದ್ದಾಳೆ ಅಂದಳು. ಪರದೆ ಸರಿಯಿತು. ಅದೇ ಪರದೆ, ಅದರ ಕಂಬಿಯ ಬಳೆಗಳ ಅದೇ ಸದ್ದು. ಅವಳು ಅವತ್ತಿನ ಹಾಗೇ ನನ್ನ ತಲೆಯ ಮೇಲಿನ ಗೋಡೆಯನ್ನು ನೋಡುತ್ತಾ ಹೇಳಿದಳು, "ಬಾರೇ ಇಲ್ಲಿ. ಮದಾಮ್ ಮಾಡಿದ ಟೋಪಿ ನಾನೇ ಕೆಡಿಸಿದೆ, ತಪ್ಪಾಯ್ತು ಅಂತ ಹೇಳು."

ಆಡಬೇಕಾಗಿದ್ದದ್ದು ಒಂದೇ ಒಂದು ಮಾತು. ಹೂಂ ಅಮ್ಮಾವ್ರೇ ಅಂದಿದ್ದರೆ ಪರದೆ ಮತ್ತೆ ಮುಚ್ಚುತ್ತಿತ್ತು, ರಿಬ್ಬನ್ನುಗಳು ನನ್ನವೇ ಆಗಿರುತ್ತಿದ್ದವು. ನಾಲಗೆ ಅಭ್ಯಾಸಬಲದಿಂದ ಆ ಮಾತಿಗೆ ಮಡಚಿಕೊಂಡೂ ಬಿಟ್ಟಿತ್ತು. ಆದರೆ ನನ್ನ ಕಣ್ಣು ಕನ್ನಡಿಯ ಮೇಲೆ ಬಿತ್ತು. ಹತ್ತೊಂಬತ್ತು ವರ್ಷ ಆ ಅಂಗಡಿಯಲ್ಲಿ ದುಡಿದಿದ್ದೇನೆ, ಆ ಕನ್ನಡಿಯಲ್ಲಿ ನಾನು ನನ್ನನ್ನು ನೋಡಿಕೊಂಡದ್ದು ಅದೇ ಮೊದಲು. ಪೂರ್ತಿ ಕಾಣಿಸಿದೆ, ಕಾಲಿನಿಂದ ತಲೆಯವರೆಗೆ. ಮಗಳು ನಿಂತಿದ್ದ ಜಾಗದಲ್ಲೇ ನಿಂತಿದ್ದೆ.

ನಾನು ಮುಂದೆ ಬಂದು ಮಿಸೆಸ್ ಕ್ಯಾಲವೇಗೆ ಹೇಳಿದೆ, "ಈ ಟೋಪಿ ಕೆಡಿಸಿದ್ದು ನಾನಲ್ಲ. ನಿಮ್ಮ ಮನೇಲಿರೋ ಬಾಕಿಯೆಲ್ಲ ಮಾಡಿದ್ದು ನಾನು. ಎಲ್ಲರೂ ನಿಮ್ಮ ನಿಮ್ಮ ಟೋಪಿ ತೆಗೆದು, ಎಡಗಿವಿ ಹತ್ರ ಒಳಪಟ್ಟಿ ಮಡಚಿ ನೋಡಿ."

ಇದೇ ಅದರ ಜಾಗ ವರ್ಡೆಲ್, ಈಗ ಹೇಳುತ್ತೇನೆ. ಟೋಪಿಯ ಮೇಲ್ಭಾಗ, ಅಂಚು, ತಲೆಗೆ ತಾಗುವ ಒಳಪಟ್ಟಿ ಮೂರನ್ನೂ ಹಿಡಿದಿಡುವುದು ಒಂದೇ ಸುತ್ತು ಹೊಲಿಗೆ. ನಾಲ್ಕು ವರ್ಷದಿಂದ, ಒಂದೂ ಬಿಡದೆ, ಆ ಸುತ್ತನ್ನು ನಾನು ಕೆಂಪು ದಾರದಲ್ಲಿ ಹಾಕುತ್ತಿದ್ದೆ. ಎಡಗಿವಿಯ ಹತ್ತಿರ ಬಂದಾಗ ಅದೇ ದಾರವನ್ನು ಅಕ್ಷರ ಮಾಡಿ ಹೊಲಿದು ಮುಂದೆ ಹೋಗುತ್ತಿದ್ದೆ. ನೋಡಬೇಕಾದರೆ ಪಟ್ಟಿ ಮಡಚಬೇಕು. ಮದಾಮ್ ಕೊರಿನ್‌ಳ ಟೋಪಿಯ ಒಳಗೆ ಯಾರು ಮಡಚಿ ನೋಡುತ್ತಾರೆ?

ಒಬ್ಬೊಬ್ಬರಾಗಿ ತೆಗೆದರು. ಒಬ್ಬಳು ಓದಿದಳು. ಇನ್ನೊಬ್ಬಳು ಓದಿದಳು. ಎಲ್ಲದರಲ್ಲೂ ಒಂದೇ ಹೆಸರು, ನನ್ನದಲ್ಲ. ಜುನೆಟಾ.

ಯಾರದು ಈ ಜುನೆಟಾ ಅಂತ ಮಿಸ್ ಪ್ರೂಯಿಟ್ ಕಿರುಚಿದಳು. ಈಗ ಗೋಡೆಯನ್ನಲ್ಲ, ನನ್ನನ್ನೇ ನೋಡುತ್ತಿದ್ದಳು.

"ನನ್ನ ಮಗಳು" ಅಂದೆ. "ನಾಲ್ಕು ವರ್ಷದ ಹಿಂದೆ ಇದೇ ಜಾಗದಲ್ಲಿ ಕೇಳಿದ್ರಲ್ಲ, ಈ ಮಗು ಯಾರೂಂತ ಗೊತ್ತಾ ಅಂತ. ಗೊತ್ತು. ನಾನೇ ಹೆತ್ತಿದ್ದು. ಅವಳ ತಲೆ ನಿಮ್ಮ ಟೋಪಿಗೆ ತಾಗಬಾರದು ಅಂದ್ರಿ. ಅವತ್ತಿಂದ ನೀವೆಲ್ಲ ಅವಳ ಹೆಸರು ತಲೆ ಮೇಲೆ ಹೊತ್ಕೊಂಡು ಓಡಾಡ್ತಾ ಇದೀರಿ."

ಪೊಲೀಸರಿಗೆ ಫೋನ್ ಮಾಡುತ್ತೇನೆ ಅಂತ ಮಿಸ್ ಪ್ರೂಯಿಟ್ ಹೊರಟಳು. ಪೊಲೀಸು ಬಂದರೆ ಪತ್ರಿಕೆಯವರೂ ಬರುತ್ತಾರೆ, ಪಿಯಾನೋ ಟೀಚರಿನ ಕೈಯಲ್ಲಿ ಮೋಸಹೋದೆವು ಅಂತ ಊರೆಲ್ಲ ನಗುತ್ತದೆ, ಬೇಡ ಅಂತ ಮಿಸೆಸ್ ಕ್ಯಾಲವೇಯೇ ತಡೆದಳು. ನನ್ನ ಮೇಲಿನ ಕರುಣೆಯಿಂದ ಅಂತ ತಿಳಿಯಬೇಡ, ಅವಳ ಮಾನದ ಮೇಲಿನ ಕರುಣೆ ಅದು. ಅಷ್ಟರಲ್ಲಿ ನಾನು ಇನ್ನೊಂದು ಕೆಲಸ ಮಾಡಿದೆ. ಕಿಟಕಿಯ ಸ್ಟ್ಯಾಂಡಿನ ಮೇಲಿದ್ದ, ಈ ವರ್ಷದಲ್ಲೇ ಅತಿ ದುಬಾರಿಯಾದ ಬಿಳಿ ಗುಲಾಬಿಯ ಟೋಪಿಯನ್ನು ತೆಗೆದು ನನ್ನ ತಲೆಗೆ ಇಟ್ಟುಕೊಂಡೆ. ಕನ್ನಡಿಯಲ್ಲಿ ಎಡಕ್ಕೆ ತಿರುಗಿ ನೋಡಿದೆ, ಬಲಕ್ಕೆ ತಿರುಗಿ ನೋಡಿದೆ. ಅವಸರ ಮಾಡಲಿಲ್ಲ. ಆಮೇಲೆ ತೆಗೆದು ವಾಪಸು ಅದರ ಜಾಗದಲ್ಲೇ ಇಟ್ಟು, "ಬೇಡ, ನಂಗೆ ಒಪ್ಪಲ್ಲ" ಅಂದೆ. ಮುಂದಿನ ಬಾಗಿಲು ತೆಗೆದುಕೊಂಡು ಬಂದುಬಿಟ್ಟೆ.

ಬೀದಿ ತಿರುವಿನವರೆಗೆ ರಾಣಿಯ ಹಾಗೆ ನಡೆದೆ. ತಿರುವಿನಾಚೆ ಗೋಡೆ ಹಿಡಿದುಕೊಂಡು ನಿಂತೆ. ಇದನ್ನು ಮಗಳಿಗೆ ಓದಿ ಹೇಳುವಾಗ ಬಿಟ್ಟುಬಿಡು. ಬೇಡ, ಬಿಡಬೇಡ, ಓದು.

ಶುಕ್ರವಾರ ಯಾರೋ ನಮ್ಮ ಮನೆಯ ಕಿಟಕಿಗೆ ಕಲ್ಲು ಹೊಡೆದರು. ಒಂದು ಗಾಜು ಹೋಯಿತು. ಅವತ್ತಿನಿಂದ ಚರ್ಚಿನ ಹಿರಿಯರು ಸರದಿಯ ಮೇಲೆ ಬಂದು ಜಗಲಿಯಲ್ಲಿ ಕೂರುತ್ತಿದ್ದಾರೆ. ನನ್ನ ಕಾಫಿಪುಡಿಯೆಲ್ಲ ಖಾಲಿ ಮಾಡಿದ್ದಾರೆ. ನಾನು ಮನೆ ಬಿಡುವುದಿಲ್ಲ, ಊರೂ ಬಿಡುವುದಿಲ್ಲ. ಅದನ್ನು ಮಾತ್ರ ನನಗೆ ಬರೆಯಬೇಡ.

ಈಸ್ಟರ್ ದಿನ ಚರ್ಚಿಗೆ ಹೋದೆ. ಎಲ್ಲರೂ ಹಳೆಯ ಟೋಪಿಯಲ್ಲಿದ್ದರು. ಇಷ್ಟು ಹಳೆಯ ಟೋಪಿ ಇಷ್ಟು ನೆಟ್ಟಗಿನ ಕತ್ತುಗಳ ಮೇಲೆ ನಾನು ಕಂಡಿಲ್ಲ. ಬಾಗಿಲಲ್ಲಿ ಒಜೆಲ್ಲಾ ನಿಂತಿದ್ದಳು. ಬಿಳಿ ಕೈಗವಸಿನ ಕೈಯಿಂದ ನನ್ನ ಮೊಣಕೈ ಹಿಡಿದು ಮುಂದಿನ ಬೆಂಚಿಗೆ ಕರೆದುಕೊಂಡು ಹೋಗಿ ಕೂರಿಸಿ, ಕಿವಿಯಲ್ಲಿ, "ನನಗೆ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?" ಅಂದಳು. ಕಣ್ಣು ಒದ್ದೆಯಾಗಿತ್ತು. ನಮ್ಮ ಒಜೆಲ್ಲಾಳದು, ಊಹಿಸಿಕೋ.

ಜಡ್ಜ್ ಮನೆಯ ಸುದ್ದಿಯನ್ನು ಹೇಳಿದ್ದೂ ಅವಳೇ. ಗುರುವಾರ ಸಂಜೆ ಮಿಸೆಸ್ ಕ್ಯಾಲವೇ ತನ್ನ ಟೋಪಿಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿಕೊಂಡು, ಕತ್ತರಿ ಹಿಡಿದು ಹೆಸರು ಬಿಚ್ಚಲು ಕೂತಳಂತೆ. ಒಜೆಲ್ಲಾ ಪಕ್ಕದಲ್ಲೇ ತಟ್ಟೆ ಜೋಡಿಸುತ್ತಿದ್ದಳು; ಅವಳಿರುವುದು ಅವರ ಲೆಕ್ಕಕ್ಕೇ ಇಲ್ಲವಲ್ಲ. ಹೆಸರಿನ ದಾರ ಕತ್ತರಿಸಿದಳು, ಅಂಚು ಕಳಚಿ ಕೈಗೆ ಬಂತು. ಇನ್ನೊಂದು ಕತ್ತರಿಸಿದಳು, ಅದೂ ಕಳಚಿತು. ಮೂರನೆಯದು ಬಿಚ್ಚಿದ ಮೇಲೆ ಕತ್ತರಿ ಕೆಳಗಿಟ್ಟು ಅಳತೊಡಗಿದಳಂತೆ. ಭಾನುವಾರ ಆಯಮ್ಮ ತನ್ನ ಬಿಳಿಯರ ಚರ್ಚಿಗೆ ಹೋಗಲೇಬೇಕು, ಬರಿತಲೆಯಲ್ಲಿ ಹೋಗುವಂತಿಲ್ಲ. ಉಳಿದವುಗಳಲ್ಲಿ ಒಂದನ್ನು ಇಟ್ಟುಕೊಂಡು ಹೋದಳು. ಈ ಊರಿನಲ್ಲಿ ನಮ್ಮ ಯಾರ ಕಾಲೂ ಆ ಚರ್ಚಿನ ಮೆಟ್ಟಿಲು ತುಳಿದಿಲ್ಲ ವರ್ಡೆಲ್. ನಮ್ಮ ಜುನೆಟಾ ಈಸ್ಟರ್ ದಿನ ಒಳಗೆ ಹೋಗಿ ಮೊದಲನೇ ಸಾಲಿನಲ್ಲಿ ಕೂತುಬಂದಳು.

ಈಗ ನಾನು ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಕೂತು ಹೊಲಿಯುತ್ತೇನೆ. ಪ್ಯಾರಿಸ್ಸಿನ ಜಾಲರಿ ಇಲ್ಲ. ಹಿಟ್ಟಿನ ಚೀಲದ ಬಟ್ಟೆ, ಹಳೆಯ ಕೋಟಿನ ಉಣ್ಣೆ, ಸೋಮವಾರದಿಂದ ಇಲ್ಲಿಯವರೆಗೆ ಆರು ಟೋಪಿ ಆಗಿವೆ. ಒಜೆಲ್ಲಾ ತನ್ನ ಬೀರುವಿನ ಬಾಗಿಲು ಕಿತ್ತು ತಂದು ಗೋಡೆಗೆ ನಿಲ್ಲಿಸಿದ್ದಾಳೆ, ಆಳೆತ್ತರದ ಕನ್ನಡಿ. ಮೊದಲು ಬಂದ ಹೆಂಗಸು ಅಭ್ಯಾಸದಂತೆ ಗಂಟು ಹಾಕಿದ ದಾರವನ್ನು ಮೇಜಿನ ಮೇಲೆ ಇಟ್ಟಳು. ನಾನು ಅದನ್ನು ಎತ್ತಿ ಒಲೆಗೆ ಹಾಕಿದೆ. ಅವಳನ್ನು ಕೂರಿಸಿ ಒಂದೊಂದಾಗಿ ಆರೂ ಟೋಪಿಗಳನ್ನು ತಲೆಗಿಟ್ಟು ತೋರಿಸಿದೆ. ಒಂದನ್ನೂ ಕೊಳ್ಳಲಿಲ್ಲ, ಪುಣ್ಯಾತ್ಗಿತ್ತಿ. ನನಗೆ ಅಷ್ಟು ಸಂತೋಷವಾದದ್ದು ಈಚೆಗೆ ನೆನಪಿಲ್ಲ.

ಬಾಗಿಲಿಗೆ ಬೋರ್ಡು ಬರೆಸಿದ್ದೇನೆ. ನಮ್ಮ ಹೆಂಗಸರ ಹೆಸರಿಗೆ ಈ ಊರಿನ ಬಿಳಿಯರ ಬಾಯಲ್ಲಿ ಒಮ್ಮೆಯೂ ಬಾರದ "ಮಿಸೆಸ್" ಅನ್ನುವುದನ್ನು ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಹಾಕಿಸಿದೆ. ಅದರ ಮುಂದೆ ನಿನ್ನ ಮನೆತನದ ಹೆಸರೇ ಇದೆ. ತಕರಾರಿದ್ದರೆ ಬಂದು ಹೇಳು.

ಇಂತಿ, ಗೊತ್ತಿದ್ದವಳು,
ಮಿಸೆಸ್ ಆರ್ಲೀಥಾ ಗೇದರ್ಸ್

ಮರೆತ ಮಾತು: ನೀನು ಅವತ್ತು ಕಸದ ಡಬ್ಬಿಗೆ ಹಾಕಿದ ಹಳದಿ ಟೋಪಿಯನ್ನು ಸಂಜೆ ನಾನು ಎತ್ತಿಕೊಂಡು ಬಂದಿದ್ದೆ. ನಾಲ್ಕು ವರ್ಷದಿಂದ ನನ್ನ ಪೆಟ್ಟಿಗೆಯಲ್ಲಿತ್ತು. ಈಗ ಕನ್ನಡಿಯ ಪಕ್ಕದ ಮೊಳೆಗೆ ಹಾಕಿದ್ದೇನೆ. ಅದರ ಒಳಪಟ್ಟಿಯಲ್ಲಿ ಮಾತ್ರ ಹೆಸರಿಲ್ಲ, ಅದು ಅದಕ್ಕೂ ಮುಂಚಿನದು. ಮಗಳಿಗೆ ಈಗ ಹದಿಮೂರು, ಅದು ಚಿಕ್ಕದಾಗಿರುತ್ತದೆ, ದೊಡ್ಡದು ಮಾಡಬೇಕು. ಈ ಊರಿನ ಬಿಳಿ ಹೆಂಗಸರ ತಲೆಯ ಅಳತೆಯೆಲ್ಲ ನನಗೆ ಬಾಯಿಪಾಠ, ನನ್ನ ಮಗಳ ತಲೆಯ ಅಳತೆ ನನಗೆ ಗೊತ್ತಿಲ್ಲ. ಈ ಒಂದು "ಗೊತ್ತಿಲ್ಲ" ನಿಜವಾದದ್ದು. ಒಳ್ಳೆಯ ಮನಸ್ಸಿನಿಂದ ದಾರ ಸುತ್ತಿ ಅಳತೆ ಕಳಿಸಲು ಹೋಗಬೇಡ. ದಾರ ಬಂದರೆ ಒಲೆಗೆ ಹಾಕುತ್ತೇನೆ. ತಲೆಯನ್ನೇ ಕಳಿಸು.